ದಿನಾ ಆಮೆನ್ ಹಾಕುವ ಮನೆ

ಬಾಗಿಲು ತಟ್ಟುವುದನ್ನು ಮೂರನೆಯ ಸಲ ವೀಡಿಯೋ ತೆಗೆಯಬೇಕಾಯಿತು. ಮೊದಲ ಸಲ ಆಟೋ ಅಡ್ಡ ಬಂತು. ಎರಡನೆಯ ಸಲ ಪಾಸ್ಟರ್ ವಿಜಯ್‌ಕುಮಾರನ ಮುಖದಲ್ಲಿ ಕರೆಂಟಿನ ಮೀಟರ್ ನೋಡಲು ಬಂದವನ ಕಳೆ ಇತ್ತು ಎಂದಳು ಸೌಮ್ಯ.

‘ಸ್ವಲ್ಪ ನಗ್ತಾ ತಟ್ಟಿ ಸರ್. ಒಳಗಿರೋರು ನಿಮಗೆ ಬೇಕಾದವರು ಅನ್ನೋ ಥರ.’

ಒಳಗಿರುವವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ನಗುತ್ತಾ ತಟ್ಟಿದ.

ಸೌಮ್ಯ ಮನೆಯಿಂದಲೇ ಯಾವುದೋ ಜಾಹೀರಾತು ಕಂಪನಿಗೆ ಕೆಲಸ ಮಾಡುವವಳು. ಬೋಗಾದಿಯ ಅವನ ಚರ್ಚಿನ ಕಮಿಟಿಗೆ ಬಂದು ಆರು ತಿಂಗಳಾಗಿತ್ತು. ಭಾನುವಾರದ ಆರಾಧನೆಗೆ ನಲವತ್ತು ಜನ ಬಂದರೆ ಹೆಚ್ಚು. ಅವನ ಬೆಳಗಿನ ವೀಡಿಯೋಗಳಿಗೆ ಮಾತ್ರ ಹನ್ನೊಂದು ಸಾವಿರ ಫಾಲೋವರ್ಸ್. ಕಳೆದ ಕಮಿಟಿ ಸಭೆಯಲ್ಲಿ ಅವಳು ಗೋಡೆಯ ಮೇಲೆ ಒಂದು ಗ್ರಾಫ್ ತೋರಿಸಿ, ‘ಜನ ನೋಡ್ತಾರೆ, ಕನೆಕ್ಟ್ ಆಗ್ತಿಲ್ಲ. ಪಾಸ್ಟ್ರು ಸ್ಕ್ರೀನಿಂದ ಆಚೆ ಬರ್ಬೇಕು’ ಎಂದಿದ್ದಳು. ಆಚೆ ಬರುವುದೆಂದರೆ ನೋಡುವವರ ಮನೆಗೆ ಹೋಗುವುದು. ಹೋದದ್ದನ್ನು ಮತ್ತೆ ಸ್ಕ್ರೀನಿಗೆ ಹಾಕುವುದು. ಯಾರೂ ನಗಲಿಲ್ಲ. ಎಲ್ಲರೂ ಒಪ್ಪಿದರು.

ಅವನೂ ಒಪ್ಪಿದ. ಅದಕ್ಕೊಂದು ಕಾರಣವಿತ್ತು. ಒಂದು ವರ್ಷದಿಂದ, ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ರೆಕಾರ್ಡಿಂಗಿನಲ್ಲಿ ಓಡುತ್ತಿರುವ ಸೆಕೆಂಡುಗಳ ಹೊರತು ಅವನಿಗೆ ಬೇರೇನೂ ಕಾಣಿಸುತ್ತಿರಲಿಲ್ಲ. ಇದನ್ನು ಹೆಂಡತಿ ಕಮಲಳಿಗೂ ಹೇಳಿರಲಿಲ್ಲ. ಮಾತುಗಳೇನೋ ಬರುತ್ತಿದ್ದವು, ನಲ್ಲಿಯಲ್ಲಿ ಗಾಳಿ ಬಂದ ಹಾಗೆ. ಹಾಗಿರುವಾಗ ‘ಸಿದ್ದಲಿಂಗಮ್ಮ ಕೆ.’ ಎಂಬೊಬ್ಬಾಕೆ, ಪ್ರೊಫೈಲಿಗೆ ಗುಲಾಬಿ ಹೂವಿನ ಚಿತ್ರ ಹಾಕಿಕೊಂಡವಳು, ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪದೆ ಬೆಳಿಗ್ಗೆ ಆರೂ ಹತ್ತಕ್ಕೆ ವೀಡಿಯೋದ ಕೆಳಗೆ ‘ಆಮೆನ್’ ಹಾಕುತ್ತಿದ್ದಾಳೆ ಎಂದು ಸೌಮ್ಯ ಹುಡುಕಿ ತೆಗೆದಳು. ತನ್ನ ಮಾತು ಒಬ್ಬರಿಗಾದರೂ ತಾಕುತ್ತಿದೆ ಎಂದರೆ ಅದು ಎಲ್ಲಿಂದಲೋ ಬರುತ್ತಿರಲೇಬೇಕು. ಇಷ್ಟು ತೆಳುವಾದ ತರ್ಕವನ್ನು ಹಿಡಿದುಕೊಂಡು ಅವನು ಮಧ್ಯಾಹ್ನದ ಬಿಸಿಲಲ್ಲಿ ಶ್ರೀರಾಂಪುರದವರೆಗೆ ಬಂದಿದ್ದ. ಬೈಬಲನ್ನು ಕಾರಿನಲ್ಲೇ ಬಿಟ್ಟಿದ್ದ. ಪರಿಚಯವಿಲ್ಲದ ಬೀದಿಯಲ್ಲಿ ಅದನ್ನು ಹಿಡಿದು ನಡೆಯಲು ಈಚೆಗೆ ನಾಲ್ಕು ಸಲ ಯೋಚಿಸಬೇಕು.

ಬಾಗಿಲು ತೆರೆದವಳಿಗೆ ಐವತ್ತೈದರ ಸುಮಾರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

‘ಬನ್ನಿ ಅಯ್ನೋರೆ. ಫೋನಲ್ಲಿ ಒಸಿ ದಪ್ಪ ಕಾಣ್ತೀರ.’

ಒಂದೇ ಕೋಣೆ. ಮೂಲೆಯಲ್ಲಿ ಗ್ಯಾಸ್ ಒಲೆ. ಗೋಡೆಯ ಮೇಲೆ ಚಾಮುಂಡಿ, ಮಾದಪ್ಪ. ಸೌಮ್ಯ ಕಣ್ಣಲ್ಲೇ ಅಳತೆ ಮಾಡಿ, ‘ಈ ಕಡೆ ಗೋಡೆ ಚೆನ್ನಾಗಿದೆ ಸರ್’ ಎಂದಳು. ಈ ಕಡೆ ಗೋಡೆಯಲ್ಲಿ ನೀರು ಇಳಿದ ಕಲೆ ಬಿಟ್ಟರೆ ಏನೂ ಇರಲಿಲ್ಲ. ಅದಕ್ಕೆ ಒತ್ತಿದ ಮಂಚದ ಮೇಲೆ ಒಬ್ಬ ಮನುಷ್ಯ ಸೂರು ನೋಡುತ್ತ ಮಲಗಿದ್ದ.

‘ನಮ್ಮೆಜಮಾನ್ರು, ಕಾಳಯ್ಯ ಅಂತ. ಗಾರೆ ಕೆಲ್ಸ ಮಾಡ್ತಿದ್ರು. ಲಾಕ್‌ಡೌನಲ್ಲಿ ಲಕ್ವ ಒಡೀತು. ಮಾತಿಲ್ಲ.’

‘ದಿನಾ ನೋಡ್ತೀರಂತೆ’ ಎಂದ ವಿಜಯ್‌ಕುಮಾರ್.

‘ನಾನೆಲ್ಲಿ ನೋಡ್ಲಿ ಅಯ್ನೋರೆ, ಆ ಒತ್ನಲ್ಲಿ ನೀರು ಬರ್ತದೆ. ಇವರ್ಗೆ ಆಕ್ಬುಟ್ಟು ಓಯ್ತೀನಿ.’

‘ಮತ್ತೆ ಆಮೆನ್?’ ಎಂದಳು ಸೌಮ್ಯ.

‘ಅದ ಆಕ್ಲಿಲ್ಲ ಅಂದ್ರೆ ಬರೋದು ನಿಂತೋಯ್ತದೆ ಅಂತ ಆಸ್ಪತ್ರೆ ಸಿಸ್ಟ್ರು ಏಳಿದ್ರು. ಅವರೇ ಫೋನ್ಗೆ ಆಕ್ಕೊಟ್ಟೋರು.’

ಸೌಮ್ಯ ಕ್ಯಾಮೆರಾ ನಿಲ್ಲಿಸಿದಳು.

ವಿಜಯ್‌ಕುಮಾರ್ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ‘ಕಾಳಯ್ಯನವರೇ, ಹೇಗಿದ್ದೀರಿ?’ ಎಂದ. ಕಣ್ಣು ಸೂರಿನಿಂದ ಇಳಿಯಲಿಲ್ಲ. ಇನ್ನೊಮ್ಮೆ ಕೇಳಿದ. ಗಂಟಲಿನಿಂದ ಒಂದು ಸದ್ದು ಬಂತು. ಬೇಸರದ ಸದ್ದು.

‘ತಾಳಿ’ ಎಂದು ಸಿದ್ದಲಿಂಗಮ್ಮ ಮೂಲೆ ಒಡೆದ ಫೋನನ್ನು ಗಂಡನ ಎದೆಯ ಮೇಲೆ ನಿಲ್ಲಿಸಿ ಹಿಡಿದಳು. ‘ದಿನಾ ಬರೋ ಒಸಾದ್ಕೆಲ್ಲ ಆಮೆನ್ ಆಕ್ತೀನಿ, ಇವರ್ಗೆ ಮಾತ್ರ ಇದೊಂದೇ ಆಗ್ಬೇಕು. ಬ್ಯಾರೆದಾದ್ರೆ ರಂಪ.’

ವಿಜಯ್‌ಕುಮಾರನದೇ ದನಿ. ಎರಡನೆಯ ಲಾಕ್‌ಡೌನಿನದು. ಹಿಂದೆ ಶಿಲುಬೆಯಿಲ್ಲ, ಮುಖಕ್ಕೆ ಬೆಳಕಿಲ್ಲ, ಅಡುಗೆಮನೆಯ ಸಿಲಿಂಡರ್ ಕಾಣುತ್ತಿದೆ. ಆಗ ದಿನಕ್ಕೆ ಎರಡು ಹೆಣ ಮಣ್ಣಾಗುತ್ತಿದ್ದವು. ಫೋನಿನಲ್ಲಿದ್ದವನು ನಿದ್ದೆಗೆಟ್ಟಿದ್ದ. ಮೂಗೊರೆಸಿಕೊಂಡು ಒಂದು ಕಾಗದದಿಂದ ಹೆಸರುಗಳನ್ನು ಓದುತ್ತಿದ್ದ, ನಡುವೆ ತಡವರಿಸುತ್ತಿದ್ದ. ‘...ಶ್ರೀರಾಂಪುರದ ಕಾಳಯ್ಯ. ಕಾಳಯ್ಯ ಅಂತ ಒಬ್ಬರಿದ್ದಾರೆ ಕರ್ತನೇ. ಯಾರೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತು.’

ಕಾಳಯ್ಯನ ಕಣ್ಣು ಇಳಿದು ಫೋನಿನ ಮೇಲೆ ನಿಂತಿತು. ಉಸಿರು ನಿಧಾನವಾಯಿತು.

ವಿಜಯ್‌ಕುಮಾರನಿಗೆ ಆ ಬೆಳಗು ನೆನಪಾಗಲಿಲ್ಲ. ಆ ಕಾಗದ ನೆನಪಾಗಲಿಲ್ಲ, ಆ ಅಂಗಿಯೂ. ಫೋನಿನಲ್ಲಿದ್ದ ಆ ಮನುಷ್ಯನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಗೊತ್ತಿಲ್ಲ ಎನ್ನುವುದನ್ನು ಗೊತ್ತಿಲ್ಲ ಎಂದೇ ದೇವರಿಗೆ ಹೇಳಬಲ್ಲವನಾಗಿದ್ದ.

ವೀಡಿಯೋ ಮುಗಿಯಿತು. ಕಣ್ಣೊರೆಸಿಕೊಳ್ಳುತ್ತಿದ್ದ ಸೌಮ್ಯ ಮತ್ತೆ ಕ್ಯಾಮೆರಾ ಎತ್ತಿದಳು. ಅವನು ಕಾಳಯ್ಯನ ಹಣೆಯ ಮೇಲೆ ಅಂಗೈಯಿಟ್ಟು ಪ್ರಾರ್ಥಿಸಿದ. ವಾಕ್ಯಗಳು ಇಡಿಯಾಗಿ ಬಂದವು, ನಿಲ್ಲಬೇಕಾದಲ್ಲಿ ನಿಂತವು. ಒಂದು ನಿಮಿಷ ನಲವತ್ತು ಸೆಕೆಂಡು. ಎಣಿಸದೆಯೇ ಗೊತ್ತಾಯಿತು. ಕಣ್ಣು ತೆರೆದಾಗ ಕಾಳಯ್ಯ ಹೆಂಡತಿಯ ಕೈಯಲ್ಲಿ ಕಪ್ಪಾಗಿದ್ದ ಫೋನನ್ನು ನೋಡುತ್ತಿದ್ದ.

‘ಬೇಜಾರ್ ಮಾಡ್ಕೋಬೇಡಿ’ ಎಂದಳು ಸಿದ್ದಲಿಂಗಮ್ಮ. ‘ಎದುರ್ಗೆ ಕೂತು ಮಾತಾಡ್ಸೋರು ಅಂದ್ರೆ ಇವರ್ಗೆ ಡಾಕ್ಟ್ರು. ಸೂಜಿ ಚುಚ್ತಾರೆ ಅಂತ.’

‘ಪರವಾಗಿಲ್ಲ.’

‘ಒಂದ್ ಉಪ್ಕಾರ ಮಾಡ್ತೀರಾ?’

‘ಹೇಳಿ.’

‘ಇವರೆಸ್ರ ನಿಮ್ಗೆ ಕಳ್ಸಿದ್ದೂ ಆ ಸಿಸ್ಟ್ರೇ. ಫೋನಲ್ಲಿ ಕಾಳಯ್ಯ ಯಾರೋ ಗೊತ್ತಿಲ್ಲ ಅಂತೀರಿ. ನಾಕೊರ್ಸದಿಂದ ದಿನಾ ಅದ್ನೇ ಕೇಳ್ತಾ ಅವ್ರೆ. ಈಗ ಬಂದ್ರಿ, ನೋಡುದ್ರಿ. ಗೊತ್ತು ಅಂತ ಏಳಿ ಒಂದ್ ವೀಡಿಯೋ ಮಾಡ್ಕೊಟ್ಬುಡಿ.’

ಅವನು ಸೌಮ್ಯಳನ್ನು ನೋಡಿದ. ಅವಳು ಆಗಲೇ ಸ್ಟ್ಯಾಂಡ್ ಬಿಡಿಸಿ ನಿಲ್ಲಿಸುತ್ತಿದ್ದಳು.

ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಅವನನ್ನು ನಿಲ್ಲಿಸಿದಳು. ಮಂಚ ಅವನ ಬೆನ್ನ ಹಿಂದೆ ಬಂತು. ತನ್ನ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅದರ ಸ್ಕ್ರೀನನ್ನು ಅವನ ಕಡೆಗೇ ತಿರುಗಿಸಿಟ್ಟಳು. ‘ನಿಮ್ಮನ್ನ ನೀವೇ ನೋಡ್ಕೊಂಡು ಹೇಳಿ ಸರ್, ಈಸಿ ಆಗುತ್ತೆ. ಹಿಂದೆ ಅವರೂ ಕಾಣ್ತಾರೆ.’ ಸಿದ್ದಲಿಂಗಮ್ಮ ಟೀಗೆ ನೀರಿಡಲು ಒಲೆಯ ಕಡೆ ತಿರುಗಿದಳು.

ಫೋನಿನ ಗಾಜಿನಲ್ಲಿ ಅವನ ಮುಖ ದೊಡ್ಡದಾಗಿ ಕಂಡಿತು. ಭುಜದ ಮೇಲೆ, ಬೆಂಕಿಪೊಟ್ಟಣದಷ್ಟು, ಮಂಚ.

‘ಕರ್ತನೇ, ಶ್ರೀರಾಂಪುರದ ಕಾಳಯ್ಯ. ಇವರನ್ನು ನಾನು ಬಲ್ಲೆ...’

ಮುಂದಿನದು ಬರಲಿಲ್ಲ. ಏನು ಬಲ್ಲ? ಗಾರೆ ಕೆಲಸ, ಲಕ್ವ, ಸೂಜಿಯ ಭಯ. ಅವನು ತಡವರಿಸಿದ. ‘ಬಲ್ಲೆ ಅಂತ ಹೇಳು ಅಂದಿದ್ದಾರೆ ಕರ್ತನೇ’ ಎಂಬ ಮಾತು ಬಾಯಿಂದ ಬಂದೇಬಿಟ್ಟಿತು. ಅದು ಅವನು ಯೋಚಿಸಿದ ಮಾತಲ್ಲ.

ಭುಜದ ಹಿಂದೆ ಏನೋ ಅಲುಗಿತು. ಕಾಳಯ್ಯನ ಮುಖ ಈ ಕಡೆ ಹೊರಳಿತ್ತು. ನೋಡುತ್ತಿರುವುದು ವಿಜಯ್‌ಕುಮಾರನ ಬೆನ್ನನ್ನೋ ಕಿಟಕಿಯನ್ನೋ, ಅಷ್ಟು ಚಿಕ್ಕದರಲ್ಲಿ ತಿಳಿಯುವಂತಿರಲಿಲ್ಲ. ಹೊದಿಕೆಯೊಳಗಿಂದ ಒಂದು ಕೈ ನಿಧಾನವಾಗಿ ಮೇಲೆದ್ದಿತು. ಬೆರಳು ಬಿಚ್ಚಿಕೊಂಡು ಗಾಳಿಯಲ್ಲಿ ನಿಂತಿತು.

ತಿರುಗಿದರೆ ಎರಡು ಹೆಜ್ಜೆ. ತಿರುಗಿದರೆ ಈ ರೆಕಾರ್ಡಿಂಗ್ ಕೆಡುತ್ತದೆ, ಮತ್ತೆ ಮೊದಲಿನಿಂದ ಹೇಳಬೇಕು, ಮತ್ತೆ ಈ ಮಾತು ಬರುವುದಿಲ್ಲ. ಸ್ಟ್ಯಾಂಡಿನ ಪಕ್ಕದಲ್ಲಿದ್ದ ಸೌಮ್ಯ ಆ ಕೈಯನ್ನು ನೋಡಿದ್ದಳು. ನಿಲ್ಲಿಸಬೇಡಿ ಎಂದು ಬೆರಳು ಸುತ್ತಿಸಿದಳು.

ಗಾಜಿನೊಳಗಿನ ಆ ಪುಟ್ಟ ಕೈಯನ್ನೇ ನೋಡುತ್ತಾ, ಅದಕ್ಕೆ ಬೆನ್ನು ಕೊಟ್ಟು ನಿಂತು, ಅವನು ಪ್ರಾರ್ಥನೆ ಮುಂದುವರಿಸಿದ.