ಒಟ್ಟಿಗಿದ್ದ ಆ ವಾರ

"ಹೋದ ವರ್ಷ ಅರ್ವಿಡ್ ಒಂದ್ ದಿನನಾದ್ರೂ ನಿನ್ ಜೊತೆ ವಾಸ ಇದ್ನಾ?" ಊರವರ ತೆರಿಗೆ ಲೆಕ್ಕ ಬರೆದುಕೊಡುವ ಬೆವ್ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಳು.

ಕೈಗವಸು ಬಿಚ್ಚುತ್ತಿದ್ದ ಮರ್ಲಿಸ್ ಸಿಡುಕಿದಳು. "ಮನೆ ಬಿಟ್ಟು ಹೋದ ಗಂಡನ ಸುದ್ದಿ ತೆರಿಗೆಯವ್ರಿಗ್ಯಾಕೆ ಮಾರಾಯ್ತಿ?"

"ಅವನ ಹೆಸರಿನ ಜೊತೆ ನನ್ ಹೆಸರು ಬೇಡ, ತೆರಿಗೆ ಲೆಕ್ಕ ಬೇರೆಯಾಗೇ ಕೊಡ್ತೀನಿ ಅಂದೋಳು ನೀನೇ ತಾನೆ? ವರ್ಷಪೂರ್ತಿ ದೂರ ಇದ್ರೆ ಸರಿ. ಒಂದ್ ದಿನ ಕೂಡಿ ಬಾಳಿದ್ರೂ ಆದಾಯದ ಮಿತಿ ಹತ್ತು ಸಾವಿರ ಡಾಲರಿಗೆ ಇಳಿಯತ್ತೆ. ಅದಕ್ಕಿಂತ ಜಾಸ್ತಿ ದುಡಿಯೋಳು ಈ ನಿವೃತ್ತಿ ಖಾತೆಗೆ ಚಿಕ್ಕಾಸೂ ಹಾಕಂಗಿಲ್ಲ. ಹೋದ ವರ್ಷ ಹಾಕಿದ್ದೆಲ್ಲ ವಾಪಸ್ ತೆಗೀಬೇಕು."

ಮರ್ಲಿಸ್ ಬಿಚ್ಚಿದ ಕೈಗವಸನ್ನು ಮೇಜಿನ ಮೇಲೆ ಎಸೆದಳು. ಶಾಲಾ ಬಸ್ಸು ಓಡಿಸುವವಳು, ವಾರದ ರಜೆಯಲ್ಲೂ ಐಸ್ ಹಾಕಿ ತಂಡದ ಹುಡುಗರನ್ನು ಊರೂರಿಗೆ ಕರೆದೊಯ್ದು ಕೂಡಿಟ್ಟ ದುಡ್ಡು ಅದು.

ಆದರೆ ಹೋದ ವರ್ಷ ಅರ್ವಿಡ್ ಬಂದಿದ್ದ. ಕೊರೆಯುವ ಚಳಿಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಕೆಟ್ಟಾಗ ರಿಪೇರಿಗೆಂದು ಬಂದವನು, ರಿಪೇರಿ ಮುಗಿದರೂ ಒಂದು ವಾರ ಉಳಿದ. ಇಸ್ಪೀಟು ಆಡಿದರು, ನಕ್ಕರು, ಹಳೆಯ ಮಂಚದಲ್ಲೇ ಮಲಗಿದರು. ಆ ಊರಿನವರು ಕಾಫಿಯನ್ನೇ ಬೇಕಿದ್ದರೂ ಎರಡು ಸಲ ಬೇಡವೆಂದು ಮೂರನೆಯ ಸಲ ಕುಡಿಯುವ ಜನ. 'ಇರು' ಎನ್ನಲು ಇವಳಿಗೆ ಬಾಯಿ ಬರಲಿಲ್ಲ, 'ಇರಲಾ' ಎನ್ನಲು ಅವನಿಗೆ. ಒಂದು ಬೆಳಿಗ್ಗೆ ಬಾಗಿಲ ಮುಂದಿನ ಹಿಮ ತೆಗೆದುಹಾಕಿ ಹೊರಟುಹೋದ.

"ನಿನ್ನೆ ಅವನೂ ಲೆಕ್ಕ ಬರೆಸೋಕೆ ಬಂದಿದ್ದ," ಬೆವ್ ದನಿ ತಗ್ಗಿಸಿದಳು. "ಹೇಳಬಾರದು, ಹೇಳ್ತಿದ್ದೀನಿ. 'ಒಂದ್ ದಿನಾನೂ ಇರ್ಲಿಲ್ಲ ಅಂತ್ಲೇ ಬರ್ಕೋ, ಮರ್ಲಿಸ್ ದುಡ್ಡಿಗೆ ತೊಂದ್ರೆ ಆಗ್ಬಾರ್ದು' ಅಂದ. ನೀನೂ ಹಾಗೇ ಅನ್ನು, ಮುಗೀತು."

"ಸುಳ್ಳ! ನನ್ ಅಡುಗೆಮನೇಲಿ ಕೂತು ಪ್ಯಾನ್‌ಕೇಕ್ ತಿಂದಿದ್ದೇನು ಅವನ ದೆವ್ವನಾ?" ಬೈದವಳೇ ಕುರ್ಚಿ ಎಳೆದು ಕೂತಳು. ತನಗಾಗಿ ಆ ವಾರವನ್ನೇ ಅಳಿಸಿಬಿಟ್ಟನಲ್ಲ, ಪುಣ್ಯಾತ್ಮ! "ಇದ್ದ ಅಂತ ಬರಿ."

"ದುಡ್ಡು ಹೋಗತ್ತಲ್ಲೇ ಖಾತೆಯಿಂದ!"

"ಇಬ್ರೂ ಸೇರಿ ಲೆಕ್ಕ ಕೊಟ್ರೆ?"

"ಆಗ ನಿಮ್ಮಂಥೋರಿಗೆ ಮಿತಿ ಎಲ್ಲೋ ಆಕಾಶದಲ್ಲಿದೆ, ದುಡ್ಡೂ ಉಳಿಯತ್ತೆ. ಆದ್ರೆ ಅವನೂ ಬಂದು ಸಹಿ ಹಾಕ್ಬೇಕು."

ಮರ್ಲಿಸ್ ಫೋನ್ ತೆಗೆದಳು. "ಅರ್ವಿಡ್, ಬೆವ್ ಹತ್ರ ಇದ್ದೀನಿ. ನೀನಿದ್ದೆ ಅಂತ ಹೇಳ್ಬಿಟ್ಟೆ. ಇಲ್ಲಿಗೆ ಬಾ."

ಆ ಕಡೆ ಅವನ ಕಾರಿನ ಬೀಗದಕೈ ಕಿಣಿಗುಟ್ಟಿತು.

"ಅಲ್ಲಿ ಗಾಡಿ ನಿಲ್ಸೋಕೆ ಜಾಗ ಇದ್ಯಾ?"

ಮರ್ಲಿಸ್ ಕಿಟಕಿಯಾಚೆ ನೋಡಿದಳು. ಖಾಲಿ ಬಯಲಿನ ಉದ್ದಕ್ಕೂ ಹಿಮ, ಮೂಲೆಯಲ್ಲಿ ಅವಳದೊಂದೇ ಕಾರು.

"ಇದೆ," ಎಂದಳು.