ಪೀಪಿ ಮಾವನ ಮುಂದಲ್ಲು

ಮನೆಮಕ್ಕಳೆಲ್ಲ ಪೀಪಿ ಮಾವ ಎಂದು ಕರೆಯುತ್ತಿದ್ದ ಆತ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ರೀಡ್ ಎಂಬ ತೆಳು ಪಟ್ಟಿ ಕಟ್ಟಿದ ವಾದ್ಯದ ತುದಿಯನ್ನು ಮೇಲಿನ ಮುಂದಲ್ಲಿಗೆ ಆನಿಸಿಯೇ ಊದಬೇಕು. ಆ ಹಲ್ಲೇ ಅಲುಗಾಡತೊಡಗಿದಾಗ ಉದ್ದನೆಯ ಸ್ವರಗಳು ನಡುಗಿದವು. "ರೀಡ್ ಹಳೇದಾಗಿದೆ" ಎಂದು ಜೊತೆಯವರ ಬಾಯಿ ಮುಚ್ಚಿಸಿದ. ಒಸಡಿನಲ್ಲಿ ರಕ್ತ ಬರುತ್ತದೆಂದು ಅಲ್ಲಿಗೆ ಬ್ರಷ್ ತಾಗಿಸುವುದನ್ನೇ ಬಿಟ್ಟ. ಹಲ್ಲು ಹೋದರೆ ಊದುವುದೂ ಹೋದಂತೆ. ಹೆಂಡತಿಯ ಹತ್ತಿರವೂ ಹೇಳಿಕೊಳ್ಳಲಾರದೆ ಒಳಗೊಳಗೇ ಕುಗ್ಗಿದ.

ಕಂಡುಹಿಡಿದವಳು ಅಕ್ಕನ ಮಗಳು, ಹಲ್ಲಿನ ಡಾಕ್ಟರು. ಊಟಕ್ಕೆ ಬಂದವಳು ಮಾವ ಸೇಬನ್ನು ಚಮಚದಲ್ಲಿ ಕೆರೆದು ತಿನ್ನುವುದನ್ನು ನೋಡಿದಳು.

"ಮಾವ, ಬಾಯಿ ತೆಗಿ."

"ಊಟದ ಹೊತ್ತಲ್ಲಿ ಏನೇ ನಿಂದು?"

"ತೆಗೀತೀಯೋ, ಅತ್ತೇನ ಕರೀಲೋ?"

ಅತ್ತೆಯ ಮಾತೆತ್ತಿದ್ದೇ ತಡ, ಬಾಯಿ ತೆರೆಯಿತು.

ಮರುದಿನ ಕ್ಲಿನಿಕ್ಕಿನಲ್ಲಿ ಅವಳು ಒಸಡಿನ ಸಂದಿಗೆ ಆಳ ಅಳೆಯುವ ತೆಳ್ಳನೆಯ ಸಲಾಕೆ ಇಳಿಸಿದಳು. ಅದು ಇಳಿಸಿದಷ್ಟೂ ಇಳಿಯಿತು.

"ಎಲ್ಲಾ ಕಿತ್ತು ಹಲ್ಲಿನ ಸೆಟ್ಟು ಹಾಕಿಬಿಡು" ಎಂದ ಮಾವ, ಇಲ್ಲದ ಧೈರ್ಯ ತಂದುಕೊಂಡು.

"ಸುಮ್ನಿರು. ಈ ಆಳಕ್ಕೆ ಗಾಳಿ ಹೋಗಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾ ಇಲ್ಲಿ ಮನೆ ಮಾಡ್ಕೊಂಡಿವೆ. ಹಲ್ಲು ಹಿಡ್ಕೊಂಡಿರೋದು ಕೊಲಾಜೆನ್ ಅನ್ನೋ ನಾರು. ಇವು ಬಿಡೋ ಕಿಣ್ವ ಆ ನಾರನ್ನೇ ಕತ್ತರಿಸಿ ಕರಗಿಸುತ್ತೆ. ಇವುಗಳ ಮೇಲೆ ಜಗಳಕ್ಕೆ ಹೋಗಿ ನಮ್ಮ ಮೈಯೇ ಹಲ್ಲಿನ ಸುತ್ತಲ ಮೂಳೇನೂ ಒಂದಿಷ್ಟು ಸವೆಸ್ಕೊಳ್ಳುತ್ತೆ."

"ಬಾಡಿಗೆ ಇಲ್ದೆ ಇದ್ಕೊಂಡು ಗೋಡೇನೇ ಕೆರೀತವಾ, ಹಾಳಾದವು!"

ಅವಳು ನಕ್ಕಳು. "ಸವೆದ ಮೂಳೆ ಪೂರ್ತಿ ವಾಪಸ್ ಬರಲ್ಲ ಮಾವ. ಆದ್ರೆ ಬೇರಿನ ಕೊಳೆ ತೆಗೆದ್ರೆ ಒಸಡು ಬಿಗಿಯಾಗುತ್ತೆ. ಅರ್ಧ ಕೆಲಸ ನಂದು, ಅರ್ಧ ನಿಂದು."

ಒಸಡನ್ನು ಮರಗಟ್ಟಿಸಿ ಬೇರಿನವರೆಗೂ ಕೆರೆದು ತೊಳೆದಳು. ಅಲುಗುವ ಹಲ್ಲನ್ನು ಹಿಂಬದಿಯಿಂದ ಸಣ್ಣ ತಂತಿ ಹಾಕಿ ಪಕ್ಕದ ಹಲ್ಲುಗಳಿಗೆ ಸೇರಿಸಿದಳು. ಮಾಯುವ ತನಕ ವಾದ್ಯ ಮುಟ್ಟುವಂತಿಲ್ಲ. ಮಾವ ಕನ್ನಡಿಯೆದುರು ನಿಂತು ಹಲ್ಲುಸಂದಿಗೆ ಪುಟ್ಟ ಬ್ರಷ್ ತೂರಿಸುತ್ತಿದ್ದ; ರಕ್ತ ಕಂಡರೂ ಈಗ ಕೈ ನಿಲ್ಲಿಸುತ್ತಿರಲಿಲ್ಲ. ಬರಬರುತ್ತ ರಕ್ತ ನಿಂತಿತು. ಉಬ್ಬಿದ್ದ ಕೆಂಪು ಒಸಡು ತಿಳಿಗುಲಾಬಿಯಾಗಿ ಹಲ್ಲನ್ನು ಅಪ್ಪಿಕೊಂಡಿತು.

ಮತ್ತೆ ಅಳೆದಾಗ ಸಲಾಕೆ ಸ್ವಲ್ಪ ಇಳಿದು ನಿಂತುಬಿಟ್ಟಿತು.

"ಊದ್ಲಾ?"

"ಮೆತ್ತಗೆ ಶುರು ಮಾಡು."

ಅಭ್ಯಾಸದ ಕೋಣೆಯಲ್ಲಿ ಮೊದಲ ಸ್ವರ ಒಡಕಾಗಿ ಬಂತು. ತುಟಿಗೆ ರೂಢಿ ತಪ್ಪಿತ್ತು. ಎರಡನೆಯದು ಅಲುಗದೆ ನಿಂತಿತು. ಮಾವನ ಕಣ್ಣು ತುಂಬಿ ಬಂತು. ಡ್ರಮ್ ಬಾರಿಸುವವನು ಕಡ್ಡಿ ಕೆಳಗಿಟ್ಟು ಕೇಳುತ್ತಿದ್ದ. ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ: "ಹಲ್ಲುಜ್ಜುವಾಗ ನಂಗೂ ರಕ್ತ ಬರುತ್ತೆ ಕಣಣ್ಣ. ಯಾರಿಗೂ ಹೇಳಿಲ್ಲ."

ಮಾವ ಕ್ಲಾರಿನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಚಪ್ಪಲಿ ಮೆಟ್ಟಿದ.

"ನಡಿ, ಕ್ಲಿನಿಕ್ಕು ಇನ್ನೂ ತೆಗೆದಿರುತ್ತೆ."