ಬಾಣಂತಿಯ ಬಾಯಾರಿಕೆ

ಮರುಳಸಿದ್ದಮ್ಮನಿಗೆ ಓದಲು ಬರುತ್ತಿರಲಿಲ್ಲ. ಅದೊಂದು ಕೊರತೆಯೆಂದು ಅವಳಿಗೆ ಅನ್ನಿಸಿದ್ದೂ ಇಲ್ಲ. ಕಾಲುವೆ ಬಂದು ಭತ್ತ ಬೆಳೆದ ಮೇಲೆ ಊರಿಗೆ ಊರೇ ಅನ್ನಕ್ಕೆ ಬಿದ್ದರೂ ಚಿತ್ತವಾಡ್ಗಿಯ ಅವಳ ಖಾನಾವಳಿಯಲ್ಲಿ ಜೋಳದ ರೊಟ್ಟಿ ಮಿಗುತ್ತಿರಲಿಲ್ಲ. ಓದುವುದಕ್ಕೆ ಅಕ್ಕನ ಮಗಳು ಹಂಪಮ್ಮ ಇದ್ದಳು. ಹೆತ್ತ ಮೂರನೇ ದಿನ ಅಕ್ಕ ತೀರಿಕೊಂಡಾಗ ಆ ಕೂಸನ್ನು ಸೊಂಟಕ್ಕೇರಿಸಿಕೊಂಡವಳಿಗೆ ಆಗಿನ್ನೂ ಹನ್ನೆರಡು. ಕೂಸಿಗೆ ಹದಿನೆಂಟಾದರೂ ಕೆಳಗಿಳಿಸಿರಲಿಲ್ಲ ಎನ್ನಬೇಕು.

ಉಣ್ಣಲು ಬರುವವರಲ್ಲಿ ಜಡೆಪ್ಪ ಮೇಷ್ಟ್ರೆಂದರೆ ಅವಳಿಗೆ ಭಾರಿ ಗೌರವ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ವಾರಪತ್ರಿಕೆಗೆ ಕಥೆ. ರೊಟ್ಟಿ ಮುರಿಯುತ್ತ ಪರದೇಶದ ರಕ್ತಪಿಶಾಚಿಯ ಸುದ್ದಿ ಹೇಳುವರು. ಸತ್ತ ಸಾಹುಕಾರನಂತೆ, ಬೆಟ್ಟದ ಮೇಲೆ ಕೋಟೆಯಂತೆ, ಬಡವರ ಕುತ್ತಿಗೆಗೆ ಹಲ್ಲಂತೆ.

"ಅಲ್ಲಿ ಸಾಹುಕಾರ್ರು ದೆವ್ವ ಆಗ್ತಾರೇನ್ರಿ? ನಮ್ಮಲ್ಲಿ ಬಡ ಬಾಣಂತೇರೇ ಆಗಬೇಕು" ಎಂದು ಅವಳು ನಕ್ಕಳು.

"ಅದು ಯಾರೂ ಕರೀದ ಹೊಸ್ತಿಲು ದಾಟಂಗಿಲ್ಲವ್ವ. ಮನಿಯವರೇ ಒಳಗ ಬರ್ರಿ ಅನ್ನಬೇಕು."

ಎಲ್ಲರೂ ಉಂಡು ಹೋಗಿದ್ದ ಮಧ್ಯಾಹ್ನ. ಮಾತಿನ ಸಲಿಗೆಯಲ್ಲಿ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು. ಬಾಣಂತಿಗೆ ನೀರು ಕೊಟ್ಟರೆ ನಂಜೆಂದು ಹಿರಿಯರು ಕೊಡಗಳನ್ನು ಹೊರಗಿಟ್ಟು ಬಾಗಿಲಲ್ಲಿ ಇವಳನ್ನು ಕಾವಲು ಕೂರಿಸಿದ್ದರು. ಜ್ವರದಲ್ಲಿ ಬೇಯುತ್ತ ಅಕ್ಕ ನೀರು ನೀರು ಎಂದಳು. ಇವಳು ಕೊಡಲಿಲ್ಲ. ಮಣ್ಣು ಮಾಡಿ ಬರುವಾಗ ಅಕ್ಕ ತಿರುಗಿ ಬಾರದಿರಲೆಂದು ದಾರಿಯುದ್ದಕ್ಕೂ ಸಾಸಿವೆ ಚೆಲ್ಲಿದರು.

"ಹಂಪಮ್ಮಗ ಗೊತ್ತಿಲ್ಲರಿ. ಬರೇ ಜ್ವರ ಅಂತ ಹೇಳೀನಿ. ನಿಮ್ಮ ಹೊಟ್ಯಾಗಿರಲಿ."

ಮೇಷ್ಟ್ರು ಕಣ್ಣೊರೆಸಿಕೊಂಡರು. ಪಾಪ, ಎಂಥ ಮನುಷ್ಯ ಎಂದುಕೊಂಡಳು.

ದೀಪಾವಳಿ ಸಂಚಿಕೆ ಬಂತು. ಇವಳು ಹಿಟ್ಟು ನಾದುತ್ತಿದ್ದಾಗ ಹಂಪಮ್ಮ ಮೇಷ್ಟ್ರ ಕಥೆಯನ್ನು ಜೋರಾಗಿ ಓದಿದಳು. ಸತ್ತ ಬಾಣಂತಿ ಸಾಸಿವೆ ಒಂದೊಂದಾಗಿ ಆರಿಸುತ್ತ ತಂಗಿಯ ಬಾಗಿಲಿಗೆ ಬರುತ್ತಾಳೆ. ತಂಗಿ ನೀರು ಕೊಟ್ಟರೆ ಚೆಲ್ಲಿ, ಅವಳ ಕುತ್ತಿಗೆಗೆ ಬಾಯಿ ಹಾಕಿ ರಕ್ತ ಹೀರುತ್ತಾಳೆ. ಹೆಸರುಗಳಷ್ಟೇ ಬೇರೆ.

"ಮಸ್ತ್ ಐತಿ ಚಿಗವ್ವ! ಮೈ ಜುಮ್ಮಂತು ನೋಡು."

ಮರುಳಸಿದ್ದಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ತನ್ನ ಕೈಯ ರೊಟ್ಟಿ ತಿಂದು ಉಂಡ ಮನೆಗೆ ಎರಡು ಬಗೆದನಲ್ಲ!

ಮರುದಿನ ಮೇಷ್ಟ್ರು ಬಂದಾಗ ಅವಳು ಬರ್ರಿ ಎನ್ನಲಿಲ್ಲ. ಅವರು ತಾವಾಗಿಯೇ ಒಳಗೆ ಬಂದು ಮಣೆಯ ಮೇಲೆ ಕೂತರು. ಪಿಶಾಚಿಗಾದರೂ ಒಂದು ನೇಮವಿತ್ತು.

"ನಂಬಿ ಹೇಳಿದ್ನಲ್ರಿ" ಎಂದಳು.

"ಹೆಸರು ಬದಲು ಮಾಡೀನಲ್ಲವ್ವ, ಯಾರಿಗೂ ತಿಳಿಯಂಗಿಲ್ಲ. ದೆವ್ವ ಅನ್ನೋದು ಬರೇ ಸಂಕೇತ. ಹೆಂಗಸರ ಸಂಕಟ ಇಡೀ ನಾಡು ಓದ್ತು."

"ನಮ್ಮಕ್ಕ ನೀರು ಕೇಳಿದ್ಲು ಮೇಷ್ಟ್ರೇ, ರಕ್ತ ಕೇಳಿದ್ದಿಲ್ಲ!" ಅವಳ ದನಿ ಬೀದಿಗೆ ಕೇಳುವಂತಿತ್ತು. "ಬಾಗಿಲಾಗ ಕುಂತಾಕಿ ನಾನು. ನನಗ ಗೊತ್ತಿಲ್ಲೇನು?"

ಮೇಷ್ಟ್ರ ಕಣ್ಣು ಅವಳ ಹಿಂದೆ ನೆಟ್ಟಿತ್ತು. ತಿರುಗಿ ನೋಡಿದರೆ, ಬಂದವರಿಗೆ ಕೊಡಲು ತಂಬಿಗೆಯಲ್ಲಿ ನೀರು ಹಿಡಿದು ಹಂಪಮ್ಮ ನಿಂತಿದ್ದಳು. ಮೇಷ್ಟ್ರು ಮುಚ್ಚಿಟ್ಟ ಹೆಸರನ್ನು ಮರುಳಸಿದ್ದಮ್ಮನೇ ಬಿಚ್ಚಿಟ್ಟಿದ್ದಳು.

"ಎಷ್ಟು ಸಲ ಕೇಳಿದ್ಲು ಚಿಗವ್ವ, ನಮ್ಮವ್ವ?"

ಮರುಳಸಿದ್ದಮ್ಮ ಬಾಯಿ ತೆರೆದಳು. ಗಂಟಲು ಒಣಗಿ ತಂಬಿಗೆಯತ್ತ ಕೈ ಚಾಚಿದಳು. ಹಂಪಮ್ಮ ತಂಬಿಗೆಯನ್ನು ಕೊಡದೆ ಕೈಯಲ್ಲೇ ಹಿಡಿದು ನೋಡುತ್ತ ನಿಂತಳು.